ಎಪ್ಪತ್ತೈದು ರೂಪಾಯಿಯ ಇಂಗ್ಲಿಷು

ಬ್ಯಾಡಗಿಯ ಹೆರಿಗೆ ನರ್ಸಿಂಗ್ ಹೋಮಿನಲ್ಲಿ ನನ್ನ ಮೊದಲ ಸಂಬಳ ಮುನ್ನೂರಾ ಇಪ್ಪತ್ತೈದು ರೂಪಾಯಿ. ಅದರಲ್ಲಿ ಇನ್ನೂರಾ ಐವತ್ತು ನನ್ನ ಕೈಕಾಲಿಗೆ, ಉಳಿದ ಎಪ್ಪತ್ತೈದು ನನ್ನ ಇಂಗ್ಲಿಷಿಗೆ. ನಾನು ಊಹಿಸಿ ಹೇಳುತ್ತಿಲ್ಲ, ಡಾಕ್ಟರ್ ಮೇಡಂ ಹಾಗೆಯೇ ಬಿಡಿಸಿ ಹೇಳಿದ್ದರು. ಕೇಸ್ ಪೇಪರ್ ಬರೆಯಬೇಕು, ಔಷಧದ ಚೀಟಿ ಓದಬೇಕು, ಕಂಪನಿಗಳಿಂದ ಟೈ ಕಟ್ಟಿಕೊಂಡು ಬರುವ ರೆಪ್ರೆಸೆಂಟೇಟಿವ್‌ಗಳನ್ನು ಕೂರಿಸಿ ನಾಲ್ಕು ಮಾತಾಡಬೇಕು, ಅದಕ್ಕೆ ಎಪ್ಪತ್ತೈದು ಹೆಚ್ಚು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನನಗೆ ಹತ್ತು ವರ್ಷ ಕರ್ಸಿವ್ ರೈಟಿಂಗ್ ಕಲಿಸಿದ ಮದರ್‌ಗಳಿಗೆ ಇದು ಗೊತ್ತಾಗಿದ್ದರೆ ಏನನ್ನುತ್ತಿದ್ದರೋ. ನಾನಂತೂ ಆ ಸಂಜೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಒಳಗೊಳಗೇ ನಗುತ್ತ ಹೋದೆ.

ಎಂಬತ್ತರ ದಶಕದ ಕೊನೆಯ ಮಾತಿದು. ಹಾವೇರಿ ಇನ್ನೂ ಜಿಲ್ಲೆ ಆಗಿರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯವರು. ನನ್ನ ಮನೆಯವರು ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಮಗಳಿಗೆ ಐದು ವರ್ಷ. ಅವಳನ್ನು ಹಾವೇರಿಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಲೇಬೇಕೆಂದು ನನ್ನದು ಹಟ. ಹಾಗಾಗಿ ಕೆಲಸ ಹುಡುಕಿಕೊಂಡು ಹೊರಟಿದ್ದೆ. ನರ್ಸಿಂಗಿನ ಯಾವ ಸರ್ಟಿಫಿಕೇಟೂ ನನ್ನಲ್ಲಿರಲಿಲ್ಲ. ಬಂದ ಮಂದಿ ಬಿಳಿ ಸೀರೆ ನೋಡಿ ‘ಸಿಸ್ಟರ್’ ಎಂದು ಕರೆದರೂ ರಿಜಿಸ್ಟರಿನಲ್ಲಿ ನಾವು ಅಸಿಸ್ಟೆಂಟ್‌ಗಳು. ಆ ಬಿಳಿ ಸೀರೆಯ ದುಡ್ಡನ್ನೂ ಮೊದಲ ಮೂರು ತಿಂಗಳ ಸಂಬಳದಲ್ಲಿ ಮುರಿದುಕೊಂಡಿದ್ದರು.

ಸೇರುವ ಮುಂಚೆ ನಾಲ್ಕು ಕಡೆ ವಿಚಾರಿಸಿದ್ದೆ. ರಾಣೇಬೆನ್ನೂರಿನಲ್ಲಿ ನಾನೂರು ಕೊಡುತ್ತಿದ್ದರು. ಅಲ್ಲಿ ಬೀಜದ ವ್ಯಾಪಾರ, ಬಟ್ಟೆ ವ್ಯಾಪಾರ, ದುಡ್ಡಿನ ಊರು. ನರ್ಸಿಂಗ್ ಹೋಮುಗಳೂ ಒಂದಕ್ಕೆ ನಾಲ್ಕು. ಇಲ್ಲಿ ಸರಿಹೋಗದಿದ್ದರೆ ಎದುರಿನದಕ್ಕೆ ಹೋಗುತ್ತಾಳೆ ಎಂಬ ಹೆದರಿಕೆ ಡಾಕ್ಟರುಗಳಿಗೇ ಇತ್ತು. ಆದರೆ ಹೋಗಿ ಬರುವ ಬಸ್ ಚಾರ್ಜು ಕಳೆದರೆ ಲೆಕ್ಕ ಒಂದೇ. ಹಾವೇರಿಯಲ್ಲಿ ಮುನ್ನೂರಾ ಐವತ್ತು, ಆದರೆ ವಾರಕ್ಕೆ ನಾಲ್ಕು ರಾತ್ರಿ ಡ್ಯೂಟಿ. ಸರ್ಕಾರಿ ಆಸ್ಪತ್ರೆಯ ಆಯಾ ಕೂಡ ನಮ್ಮೆಲ್ಲರಿಗಿಂತ ಎಷ್ಟೋ ಮೇಲು, ಅವಳಿಗೆ ಪೆನ್ಶನ್ ಇತ್ತು. ಬ್ಯಾಡಗಿಯಲ್ಲಿ ಹೆರಿಗೆಗೆಂದು ಇದ್ದದ್ದು ಇದೊಂದೇ. ಆದ್ದರಿಂದ ಇವರು ಕೊಟ್ಟದ್ದೇ ಸಂಬಳ.

ಅಲ್ಲಿ ನನಗೆ ಕೆಲಸ ಕಲಿಸಿದವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ನಲವತ್ತೈದರ ಹೆಂಗಸು, ಗಂಡನಿಲ್ಲ, ಇಬ್ಬರು ಹೆಣ್ಣುಮಕ್ಕಳು. ನರ್ಸಿಂಗ್ ಹೋಮಿನ ಬಾಗಿಲು ತೆರೆದ ದಿನದಿಂದ, ಅಂದರೆ ಐದು ವರ್ಷದಿಂದ ಇದ್ದಳು. ಅದಕ್ಕೂ ಮೊದಲು ಊರ ಸೂಲಗಿತ್ತಿಯಾಗಿದ್ದಳು. ನೋವು ತಿನ್ನುವ ಹೆಂಗಸಿನ ನರಳಾಟ ಬಾಗಿಲಾಚೆಯಿಂದ ಕೇಳಿಯೇ ‘ಇನ್ನೂ ಎರಡು ತಾಸು ಐತಿ, ಚಾ ಕುಡದ ಬರ್ರಿ’ ಎಂದು ಮನೆಯವರನ್ನು ಕಳಿಸುತ್ತಿದ್ದಳು. ಎರಡು ತಾಸೇ ಆಗುತ್ತಿತ್ತು. ಎಳೆಗೂಸಿಗೆ ಎರೆಯಲು ಅವಳೇ ಬೇಕು. ಕಾಲು ನೀಡಿ ಕೂತು, ಮೊಣಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕಿದರೆ ಅದು ಅಲ್ಲಿಯೇ ನಿದ್ದೆ ಹೋಗಬೇಕು. ಅವಳಿಗೆ ಇನ್ನೂರಾ ಅರವತ್ತು. ಐದು ವರ್ಷಕ್ಕೆ ಹತ್ತು ರೂಪಾಯಿ ಏರಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ, ಅದೇ ಕಾರಣ.

ನನ್ನ ಸಂಬಳ ಅವಳಿಗೆ ಎರಡನೇ ದಿನವೇ ಗೊತ್ತಾಗಿ ನನಗೆ ಹೆಸರೂ ಇಟ್ಟಾಯಿತು. “ಏ ಎಪ್ಪತ್ತೈದು, ಲಗೂ ಬಾ ಇಲ್ಲಿ. ಮೂರನೇ ಖೋಲಿ ಬೆಡ್‌ಪ್ಯಾನ್ ತುಂಬೇತಿ. ಅದಕ್ಕ ಒಂದಿಷ್ಟು ಇಂಗ್ಲೀಷ್‌ನ್ಯಾಗ ಹೇಳು, ತಾನ ಎದ್ದು ಹೋಗತೈತೇನು ನೋಡೋಣು.”

ನಾನು ಮುಖ ಸಿಂಡರಿಸಿಕೊಂಡು ಎತ್ತಿಕೊಂಡು ಹೋದರೆ ಹಿಂದೆಯೇ ಬಂದು ಕೈಯಿಂದ ಕಸಿದುಕೊಳ್ಳುತ್ತಿದ್ದಳು. “ಬಿಡವ್ವಾ ತಂಗಿ, ನೀ ಹಿಡಕೊಂಡ ರೀತಿ ನೋಡಿದ್ರ ಮಾಡಿದಾಕಿಗೆ ನಾಚಿಕಿ ಬರತೈತಿ.”

ಸಂಬಳದ ಹೊರಗೆ ಇನ್ನೊಂದು ಆದಾಯವಿತ್ತು, ಖುಷಿ ದುಡ್ಡು. ಕೂಸನ್ನು ಮೊದಲು ಹೊರಗೆ ತಂದು ಮನೆಯವರಿಗೆ ತೋರಿಸಿದವರ ಕೈಯಲ್ಲಿ ಏನಾದರೂ ಇಡುವುದು ಪದ್ಧತಿ. ಗಂಡಾದರೆ ಹತ್ತು, ಇಪ್ಪತ್ತು. ಹೆಣ್ಣಾದರೆ ಎರಡು ರೂಪಾಯಿ, ಕೆಲವೊಮ್ಮೆ ಬರೀ ಸಕ್ಕರೆ. ಬೇರೆ ಕಡೆ ಅಸಿಸ್ಟೆಂಟ್‌ಗಳು ಇದಕ್ಕೆ ಜಗಳಾಡುತ್ತಿದ್ದರಂತೆ. ನಮ್ಮಲ್ಲಿ ದೊಡ್ಡಕ್ಕ ಎಲ್ಲವನ್ನೂ ಒಂದೆಡೆ ಇಟ್ಟು ಶನಿವಾರ ನಾವು ನಾಲ್ಕೂ ಜನ ಅಸಿಸ್ಟೆಂಟ್‌ಗಳಿಗೆ ಸಮ ಹಂಚುತ್ತಿದ್ದಳು. ನನಗೂ ಸಮಪಾಲು. ನನ್ನ ಎಪ್ಪತ್ತೈದನ್ನು ಹಂಚಬೇಕೆಂದು ಮಾತ್ರ ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆದಿತ್ತು ಎಂದರೂ ತಪ್ಪಿಲ್ಲ, ಆದರೆ ನಾನು ಆ ಯೋಚನೆಯನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ.

ಜನವರಿ ಬಂತೆಂದರೆ ಬ್ಯಾಡಗಿಯ ಗಾಳಿಯೇ ಬೇರೆ. ಮೆಣಸಿನಕಾಯಿಯ ಘಾಟು ಓಣಿ ಓಣಿಯಲ್ಲಿ ನಿಲ್ಲುತ್ತದೆ. ಹೊಸಬರು ಸೀನುತ್ತಾರೆ, ನಾವು ಉಸಿರಾಡುತ್ತೇವೆ. ದಲಾಲಿ ಅಂಗಡಿಗಳ ಅಂಗಳದಲ್ಲಿ ಕೆಂಪು ರಾಶಿಗಳ ಸುತ್ತ ಸಾಲಾಗಿ ಹೆಂಗಸರು ಕೂತು ಕಾಯಿಯ ತೊಟ್ಟು ಮುರಿದು ತೆಗೆಯುತ್ತಾರೆ. ಇದಕ್ಕೆ ತುಂಬು ಬಿಡಿಸುವುದು ಅನ್ನುತ್ತಾರೆ. ಕೂಲಿ ತೂಕದ ಮೇಲೆ. ಕೈ ಚುರುಕಿದ್ದವಳು ದಿನಕ್ಕೆ ಹದಿನೈದು, ಹದಿನೆಂಟು ರೂಪಾಯಿ ಎಣಿಸಿಕೊಂಡು ಏಳುತ್ತಿದ್ದಳು. ನನ್ನನ್ನು ಬಿಟ್ಟು ಉಳಿದ ಮೂವರಿಗೆ ದಿನಕ್ಕೆ ಒಂಬತ್ತೂ ಬೀಳುತ್ತಿರಲಿಲ್ಲ. ಹಾಗಾಗಿ ಸೀಸನ್ ಬಂತೆಂದರೆ ನರ್ಸಿಂಗ್ ಹೋಮಿನಲ್ಲಿ ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ಅತ್ತೆಯ ಕಾಯಿಲೆ. ಡಾಕ್ಟರ್ ಮೇಡಂ ಸಿಟ್ಟಾಗುತ್ತಿದ್ದರು, ಸಂಬಳ ಕತ್ತರಿಸುತ್ತಿದ್ದರು. ದೊಡ್ಡಕ್ಕ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ. ಮಧ್ಯಾಹ್ನದ ಡ್ಯೂಟಿ ಹಾಕಿಸಿಕೊಂಡು ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ರಾಜಾರೋಷವಾಗಿ ಅಂಗಳದಲ್ಲಿ ಕೂತು ಬರುತ್ತಿದ್ದಳು. ಮೇಡಂಗೆ ಅದು ಗೊತ್ತಿತ್ತು. ಡೆಟಾಲ್ ಹಾಕಿ ಕೈ ತೊಳಿ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು.

ನನ್ನ ಎರಡನೆಯ ಸೀಸನ್ ಅದು. ಶಾಲೆಯ ಡೊನೇಷನ್ ಜೂನಿನೊಳಗೆ ಕಟ್ಟಬೇಕಿತ್ತು. ಎಷ್ಟು ಸಲ ಕೂಡಿಸಿದರೂ ಸಾಲದು. ಪಕ್ಕದ ಮನೆಯಾಕೆ ಚೀಲಗಟ್ಟಲೆ ಕಾಯಿ ಮನೆಗೇ ತಂದು ತುಂಬು ಬಿಡಿಸಿ ಕೊಡುತ್ತಿದ್ದಳು. ಒಂದು ಶನಿವಾರ ಅವಳ ಕಿವಿಯಲ್ಲಿ ಹೇಳಿ ನಾನೂ ಒಂದು ಚೀಲ ತರಿಸಿಕೊಂಡೆ. ಅಂಗಳಕ್ಕೆ ಹೋಗಿ ಕೂರುವುದು ಸಾಧ್ಯವಿರಲಿಲ್ಲ. ಅಂಗಡಿಯ ಗುಮಾಸ್ತರ ಹೆಂಡತಿ, ಅದರಲ್ಲೂ ಕಾನ್ವೆಂಟಿನವಳು. ಭಾನುವಾರ ಮನೆಯವರು ಮಗಳನ್ನು ಕರೆದುಕೊಂಡು ರಾಣೇಬೆನ್ನೂರಿನ ತಂಗಿಯ ಮನೆಗೆ ಹೋಗಿದ್ದರು. ನಾನು ಹಿತ್ತಲ ಬಾಗಿಲು ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂತು ಚೀಲ ಮುಗಿಸಿದೆ.

ಅಂಗಳದ ಹೆಂಗಸರು ಕೂರುವ ಮುಂಚೆ ಕೈಗೆ ಹರಳೆಣ್ಣೆ ಬಳಿದುಕೊಳ್ಳುತ್ತಾರೆ, ಎದ್ದ ಮೇಲೆ ಮತ್ತೆ ಎಣ್ಣೆ, ಕಡಲೆಹಿಟ್ಟು ಹಾಕಿ ತಿಕ್ಕುತ್ತಾರೆ. ಹಾಗೆ ಮಾಡುವುದನ್ನು ನಾನು ಕಂಡಿದ್ದೆ. ಇಗ್ನೊರೆನ್ಸ್, ಸೋಪು ಕೊಳ್ಳಲಾರದವರ ಉಪಾಯ ಎಂದುಕೊಂಡಿದ್ದೆ. ನಾನು ಕಾರ್ಬಾಲಿಕ್ ಸೋಪಿನಿಂದ ಮೂರು ಸಲ ತೊಳೆದೆ, ನೇಲ್ ಬ್ರಷ್ ಹಾಕಿ ಉಗುರು ಉಜ್ಜಿದೆ. ಸ್ವಲ್ಪ ಉರಿಯಿತು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರು, ಖಾರಕ್ಕಲ್ಲವಲ್ಲ, ಅದೆಷ್ಟು ಹೊತ್ತು ಉರಿದೀತು. ಆದರೆ ಆ ಚೀಲದಲ್ಲಿದ್ದದ್ದು ನಮ್ಮ ಸುಕ್ಕು ಸುಕ್ಕು ಕಾಯಿಯಲ್ಲ, ನುಣುಪಾದ, ಗಿಡ್ಡನೆಯ ಆಂಧ್ರದ ಕಾಯಿ. ಖಾರಪುಡಿಯ ಮಿಲ್ಲಿನವರು ತರಿಸುತ್ತಿದ್ದದ್ದು. ಊರಿನ ಐದು ವರ್ಷದ ಮಗುವಿಗೂ ತಿಳಿಯುವ ಆ ವ್ಯತ್ಯಾಸ ನನಗೆ ತಿಳಿಯಲಿಲ್ಲ.

ಸೋಮವಾರ ಡ್ಯೂಟಿಗೆ ಹೋದೆ. ಕಾಗಿನೆಲೆ ಕಡೆಯ ಒಕ್ಕಲುತನದ ಮನೆಯವರ ಕೂಸು, ಎರಡು ದಿನದ ಹೆಣ್ಣು. ಹನ್ನೊಂದೂವರೆಗೆ ದೊಡ್ಡಕ್ಕ ಅಂಗಳದಿಂದ ನೇರ ಬಂದು ಕೂಸಿಗೆ ಎರೆದಳು. ನಾನು ಟವೆಲಿನಲ್ಲಿ ಇಸಿದುಕೊಂಡು ಮೈ ಒರೆಸಿ, ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಹಿಂಡಿ ಕಣ್ಣು ಒರೆಸಿದೆ. ಗ್ಲೌಸ್ ಇದ್ದವು, ಆದರೆ ಅವು ಹೆರಿಗೆ ಖೋಲಿಗೆ ಮಾತ್ರ. ತೊಳೆದು ಪೌಡರ್ ಹಾಕಿ ಮತ್ತೆ ಮತ್ತೆ ಬಳಸುತ್ತಿದ್ದ ಕಾಲ. ಎರೆದ ಮೇಲೆ ಕೂಸುಗಳು ಅಳುವುದುಂಟು, ಆದರೆ ಇದು ಅತ್ತದ್ದು ನಿಲ್ಲಲೇ ಇಲ್ಲ. ತಾಯಿಯ ಎದೆಗೆ ಹಾಕಿದರೂ ಬಾಯಿ ಹಾಕಲಿಲ್ಲ. ನೋಡುತ್ತಿದ್ದಂತೆ ಎರಡೂ ಕಣ್ಣು ಕೆಂಪಾಗಿ ಬಾತು ಮುಚ್ಚಿಕೊಂಡವು.

ಕೂಸಿನ ಅಜ್ಜಿ ಬಗ್ಗಿ ಅದರ ಮುಖ ಮೂಸಿ ನೋಡಿದಳು. “ಖಾರ. ಖಾರದ ಕೈ ಯಾವಾಕಿದು?”

ಮೇಡಂ ಓಡಿ ಬಂದರು. ಸಲೈನಿನಿಂದ ಕಣ್ಣು ತೊಳೆಯತೊಡಗಿದರು, ತೊಳೆದರು, ತೊಳೆದರು. ಕೂಸಿನ ಧ್ವನಿ ಕಟ್ಟಿಹೋಗಿತ್ತು. ಬಾಣಂತಿ ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು. ನಾಲ್ಕೂ ಜನ ಬಾಗಿಲಲ್ಲಿ ನಿಂತಿದ್ದೆವು, ಮೂವರ ಕಣ್ಣು ದೊಡ್ಡಕ್ಕನ ಕೈಯ ಮೇಲೆ. ಅದರಲ್ಲಿ ನನ್ನದೂ ಒಂದು.

“ಎಷ್ಟ ಸಲ ಹೇಳೇನಿ ನಿನಗ?” ಮೇಡಂ ತಿರುಗಿ ನೋಡದೆಯೇ ಹೇಳಿದರು. ಅವರು ಧಾರವಾಡದವರು, ಸಿಟ್ಟು ಬಂದಷ್ಟೂ ದನಿ ಇಳಿಯುತ್ತಿತ್ತು.

“ಬಾಯಾರ,” ಎಂದಳು ದೊಡ್ಡಕ್ಕ ಮೇಡಂಗೆ, “ನಾ ಎಣ್ಣಿ ಹಚ್ಚಿ, ಹಿಟ್ಟು ತಿಕ್ಕಿ ಬಂದೇನ್ರಿ. ಇಂದ ನಿನ್ನಿದಲ್ಲ, ಆರು ವರ್ಷ ಆತು. ಒಂದ ಕೂಸು ಹಿಂಗ ಅತ್ತದ್ದೈತೇನ್ರಿ?”

“ಮತ್ತ ಇದು ಯಾಕ ಅಳಾಕತ್ತೈತಿ? ದೇವರು ಬಂದು ಖಾರ ಹಾಕಿದ್ನೇನು?”

ದೊಡ್ಡಕ್ಕ ತನ್ನ ಅಂಗೈಗಳನ್ನು ತಾನೇ ನೋಡಿಕೊಂಡಳು. ಆರು ವರ್ಷದಲ್ಲಿ ಮೊದಲ ಸಲ ಅವಳಿಗೆ ಅವುಗಳ ಮೇಲೆ ನಂಬಿಕೆ ಹೋದ ಹಾಗೆ ಕಂಡಿತು.

ಮೇಡಂ ನನ್ನ ಕಡೆ ನೋಡಿದರು. “ಸಿಸ್ಟರ್, ಇವಳ ಇಲ್ಲೀ ತನಕದ ಪಗಾರ ಲೆಕ್ಕ ಹಾಕು. ರಿಜಿಸ್ಟರ್‌ನಾಗ ಡಿಸ್‌ಕಂಟಿನ್ಯೂಡ್ ಅಂತ ಬರಿ. ನಾ ಬಂದು ಸೈನ್ ಮಾಡತೇನಿ.”

ಮುಂದಿನ ಕೋಣೆಯ ಟೇಬಲ್ಲಿಗೆ ಹೋಗಿ ಕೂತೆ. ಎಪ್ಪತ್ತೈದು ರೂಪಾಯಿಯ ಕೆಲಸ ಎಂದರೆ ಇದೇ. ದೊಡ್ಡಕ್ಕ ಹಿಂದೆಯೇ ಬಂದು ಎದುರಿಗೆ ನಿಂತಳು, ನೆಲ ನೋಡುತ್ತ. ದೊಡ್ಡ ಮಗಳ ಲಗ್ನ ಏಪ್ರಿಲ್‌ನಲ್ಲಿ ಇಟ್ಟಿದ್ದಳು. ಕೂಸಿನ ಕಣ್ಣಿಗೆ ಖಾರ ಹಾಕಿದವಳು ಎಂಬ ಮಾತು ಬ್ಯಾಡಗಿ ದಾಟಿ ಹಾವೇರಿ, ರಾಣೇಬೆನ್ನೂರು ಮುಟ್ಟಲು ಒಂದು ಬಸ್ಸು ಸಾಕು. ಮತ್ತೆ ಯಾರೂ ಅವಳ ಕೈಗೆ ಕೂಸು ಕೊಡುವುದಿಲ್ಲ.

“ಏನ್ ಬರಿಯಾಕತ್ತಿ, ಓದಿ ಹೇಳವ್ವಾ,” ಎಂದಳು.

ಓದಿ ಹೇಳಲು ಆಗಲಿಲ್ಲ, ಕಣ್ಣು ತುಂಬಿತು. ಬೆರಳಿನಿಂದ ಒರೆಸಿಕೊಂಡೆ.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೆಂಡ ಇಟ್ಟ ಹಾಗಾಯಿತು. ಕಣ್ಣು ತೆರೆಯಲಾಗಲಿಲ್ಲ, ಒಂದೇ ಸಮ ನೀರು ಸುರಿಯತೊಡಗಿತು. ಏನು ಎತ್ತ ಎಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನನ್ನ ಬೆರಳು. ನಾನು ಹಿಂಡಿದ ಹತ್ತಿ.

ಸುಮ್ಮನಿದ್ದುಬಿಡಬಹುದಿತ್ತು. ಅಳುತ್ತಿದ್ದೇನೆ ಎಂದೇ ಎಲ್ಲರೂ ತಿಳಿಯುತ್ತಿದ್ದರು, ದೊಡ್ಡಕ್ಕ ಸಮಾಧಾನವನ್ನೂ ಮಾಡುತ್ತಿದ್ದಳು. ಜೂನ್ ತಿಂಗಳು, ಡೊನೇಷನ್, ನೀಲಿ ಯೂನಿಫಾರ್ಮಿನ ಮಗಳು, ಎಲ್ಲ ಕಣ್ಣ ಮುಂದೆ ಬಂತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಒಂದು ನಿಮಿಷವೇ ಇದ್ದೀತು. ಆ ಒಂದು ನಿಮಿಷವನ್ನು ಇಷ್ಟು ವರ್ಷವಾದರೂ ನಾನು ಚಿಕ್ಕದು ಮಾಡಲು ಆಗಿಲ್ಲ.

ಎದ್ದು ಕುರುಡಿಯ ಹಾಗೆ ಬಾಗಿಲು ತಡಕಾಡಿಕೊಂಡು ವಾರ್ಡಿಗೆ ಹೋದೆ. “ಮೇಡಂ, ಇಟ್ ವಾಸ್ ಮಿ,” ಎಂದೆ. ಎಲ್ಲ ಬಿಟ್ಟು ಆಗ ನನ್ನ ಬಾಯಿಗೆ ಇಂಗ್ಲಿಷ್ ಬಂತು. ಯಾರಿಗೂ ಅರ್ಥವಾಗಲಿಲ್ಲ, ಮೇಡಂ ಒಬ್ಬರಿಗೆ ಬಿಟ್ಟು. ಆಮೇಲೆ ಕನ್ನಡದಲ್ಲಿ ಹೇಳಿದೆ. ಭಾನುವಾರದ ಚೀಲ, ಹಿತ್ತಲು, ಸೋಪು, ಎಲ್ಲ.

ದೊಡ್ಡಕ್ಕ ನನ್ನ ಹಿಂದೆಯೇ ಬಂದಿದ್ದಳು. ಮೊದಲು ಬಾಯಿ ಬಿಟ್ಟವಳು ಅವಳೇ.

“ಸೋಪು?” ಎಂದಳು. “ಖಾರ ಸೋಪಿಗೆ ಹೋಗತೈತೇನ? ನಿಮ್ಮ ಕಾನ್ವೆಂಟಿನ್ಯಾಗ ಇದನ್ನೂ ಕಲಸಲಿಲ್ಲೇನು? ಬಾ ಇಲ್ಲಿ, ಕಣ್ಣ ತಿಕ್ಕಬ್ಯಾಡ. ಮುಟ್ಟಬ್ಯಾಡ ಅಂದೆನಲ್ಲ.” ನನ್ನ ಎರಡೂ ಕೈ ಹಿಡಿದು ಹಿಂದಿನ ಬಚ್ಚಲ ಮೋರಿಗೆ ಎಳೆದುಕೊಂಡು ಹೋಗಿ, ಹರಳೆಣ್ಣೆ ಸುರಿದು ಬೆರಳ ಸಂದಿ ಸಂದಿ ತಿಕ್ಕಿದಳು. ನೋವಾಗುವಷ್ಟು ತಿಕ್ಕಿದಳು. ಅಷ್ಟು ಹಕ್ಕು ಅವಳಿಗಿತ್ತು.

ಮೂರೂವರೆಯ ಹೊತ್ತಿಗೆ ಕೂಸಿನ ಬಾವು ಇಳಿಯಿತು. ನಾಲ್ಕಕ್ಕೆ ಒಂದು ಕಣ್ಣು ತೆರೆಯಿತು, ಆಮೇಲೆ ಇನ್ನೊಂದು. ಮೇಡಂ ಟಾರ್ಚು ಹಾಕಿ ಎರಡೆರಡು ಸಲ ನೋಡಿ, “ಏನೂ ಆಗಿಲ್ಲ, ಕಣ್ಣು ಚೊಲೋ ಅದಾವು,” ಎಂದರು. ಕೂಸು ಎದೆಗೆ ಬಾಯಿ ಹಾಕಿ ಚಪ್ಪರಿಸುವ ಸದ್ದು ಕೇಳಿಸಿದಾಗ ನಾನು ಅಲ್ಲಿಯೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮುಂದೆ ನನ್ನ ಮಗಳ ರಿಸಲ್ಟ್, ಲಗ್ನ, ಬಾಣಂತನ ಎಲ್ಲ ಆದವು. ಆ ಸದ್ದು ಕೇಳಿ ಆದ ಸಮಾಧಾನದಂಥದ್ದು ಮತ್ತೆ ಆಗಲಿಲ್ಲ.

ಸಂಜೆ ಮೇಡಂ ನಮ್ಮಿಬ್ಬರನ್ನೂ ಒಳಗೆ ಕರೆದರು. ಬರೆದು ಅರ್ಧ ಬಿಟ್ಟಿದ್ದ ರಿಜಿಸ್ಟರು ಅವರ ಮುಂದಿತ್ತು.

“ಮುನ್ನೂರಾ ಇಪ್ಪತ್ತೈದು ತೊಗೊಳ್ಳಾಕಿ ನೀನು. ನಿನಗ್ಯಾಕ ಬೇಕಾಗಿತ್ತ ಇದು?”

ನಾನು ತಲೆ ತಗ್ಗಿಸಿದೆ. ದೊಡ್ಡಕ್ಕ ತಗ್ಗಿಸಲಿಲ್ಲ. “ಬಾಯಾರ, ಸಿಟ್ಟ ಮಾಡಬ್ಯಾಡ್ರಿ, ಒಂದ ಮಾತು. ಅಲ್ಲಿ ಕುಂತ್ರ ಹದಿನೈದು, ಇಲ್ಲಿ ನಿಂತ್ರ ಒಂಬತ್ತೂ ಬೀಳೂದಿಲ್ಲ. ಕುಂತಲ್ಲಿ ಯಾರೂ ಬೈಯೂದಿಲ್ಲ, ಹಾಡಾ ಹಾಡತಾರ. ಇಲ್ಲಿ ಹೇಲು ಬಳೀಬೇಕು. ನಾ ಯಾಕ ಬರತೇನಿ ಅಂದ್ರ ನನಗ ಕೂಸು ಅಂದ್ರ ಹುಚ್ಚು. ಎಲ್ಲಾರಿಗೂ ಆ ಹುಚ್ಚು ಇರತೈತೇನ್ರಿ?”

“ಆರು ವರ್ಷ ನನಗ ಯಾಕ ಹೇಳಲಿಲ್ಲ ಇದನ್ನ?”

“ನೀವ ಕೇಳಲಿಲ್ಲರಿ.”

ಮೇಡಂ ಪೆನ್ನಿನ ಮುಚ್ಚಳ ತೆಗೆದು ರಿಜಿಸ್ಟರಿನಲ್ಲಿ ನಾನು ಅರ್ಧ ಬರೆದದ್ದನ್ನು ಹೊಡೆದುಹಾಕಿದರು. ಆಮೇಲೆ ನನ್ನನ್ನೇ ಬರೆಯಲು ಹೇಳಿದರು. ಜನವರಿಯಿಂದ ಏಪ್ರಿಲ್‌ವರೆಗೆ ಎಲ್ಲ ಅಸಿಸ್ಟೆಂಟ್‌ಗಳಿಗೂ ತಿಂಗಳಿಗೆ ಅರವತ್ತು ರೂಪಾಯಿ ಹೆಚ್ಚು, ಆ ನಾಲ್ಕು ತಿಂಗಳು ಯಾರೂ ಮೆಣಸಿನಕಾಯಿ ಮುಟ್ಟುವಂತಿಲ್ಲ. ದೊಡ್ಡಕ್ಕನಿಗೆ ಆ ತಿಂಗಳಿನಿಂದ ಮುನ್ನೂರು. ನನಗೆ ಎರಡು ವಾರದ ಸಂಬಳ ಕಡಿತ. ಮುನ್ನೂರು ಯಾಕೆ, ಮುನ್ನೂರಾ ಇಪ್ಪತ್ತೈದು ಯಾಕಲ್ಲ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ, ಅವಳೂ ಕೇಳಲಿಲ್ಲ. ಸಮ ಆದದ್ದು ಇನ್ನೂ ಎರಡು ವರ್ಷದ ಮೇಲೆ, ಹಾವೇರಿಯ ನರ್ಸಿಂಗ್ ಹೋಮಿನವರು ಅವಳನ್ನು ಕೆಲಸಕ್ಕೆ ಕರೆಯಲು ಬಂದಾಗ.

ಮಗಳನ್ನು ಆ ಜೂನಿನಲ್ಲಿ ಕನ್ನಡ ಶಾಲೆಗೇ ಹಾಕಿದೆ. ಮರುವರ್ಷ ಹಾವೇರಿಗೆ ಕಳಿಸಿದೆ. ಏನೂ ಕಡಿಮೆಯಾಗಲಿಲ್ಲ ಅವಳಿಗೆ.

ಕಾಗಿನೆಲೆ ಕಡೆಯವರು ಗುರುವಾರ ಡಿಸ್‌ಚಾರ್ಜ್ ಆದರು. ಹೊರಡುವ ಮುಂಚೆ ಕೂಸಿಗೆ ಕೊನೆಯ ಸಲ ಎರೆಯುವುದಿತ್ತು. ದೊಡ್ಡಕ್ಕ ಎರೆದಳು. ಟವೆಲು ಹಿಡಿಯಲು ನಾನು ಮುಂದೆ ಬರಲಿಲ್ಲ, ಬಾಗಿಲ ಹತ್ತಿರವೇ ನಿಂತಿದ್ದೆ. ಅಜ್ಜಿ ನನ್ನನ್ನು ನೋಡಿದಳು.

“ಆಕಿನ ಕರಿ,” ಎಂದಳು ದೊಡ್ಡಕ್ಕನಿಗೆ. “ತಪ್ಪು ನನ್ನದು ಅಂತ ಡಾಕ್ಟರ್ ಮುಂದ ಹೇಳಿದ ಆಳು ಆಕಿ. ಆಕೀನ ಒರಸಲಿ.”

“ಬ್ಯಾಡ್ರಿ ಅಜ್ಜಿ,” ಎಂದೆ.

“ಏ, ಬಾ ಇಲ್ಲಿ,” ದೊಡ್ಡಕ್ಕ ಒದ್ದೆ ಕೈಯಲ್ಲೇ ನನ್ನ ಎರಡೂ ಕೈ ಎಳೆದು ಮೂಗಿಗೆ ಹಿಡಿದು ಮೂಸಿದಳು. ಒಂದೊಂದೇ ಬೆರಳು. ಆಮೇಲೆ ಒಂದು ಬೆರಳನ್ನು ನಾಲಿಗೆಗೂ ಮುಟ್ಟಿಸಿಕೊಂಡಳು. ಬಾಣಂತಿ ನಕ್ಕಳು. ಅಜ್ಜಿ ನಗಲಿಲ್ಲ, ತೀರ್ಪಿಗೆ ಕಾಯುತ್ತಿದ್ದಳು.

“ಸಪ್ಪಗ ಅದಾವು. ಹಿಡಿ,” ಎಂದಳು ದೊಡ್ಡಕ್ಕ, ಕೂಸನ್ನು ನನ್ನ ಟವೆಲಿನೊಳಗೆ ಇಳಿಸುತ್ತ.

ನಾನು ಹತ್ತಿ ಅದ್ದಿ, ಹಿಂಡಿ, ಒಳಗಿನ ಮೂಲೆಯಿಂದ ಹೊರಗಿನ ಮೂಲೆಗೆ ಒಂದು ಕಣ್ಣು ಒರೆಸಿದೆ. ಉಸಿರು ಹಿಡಿದು ಕಾದೆ. ಇನ್ನೊಂದು ಹತ್ತಿ ತೆಗೆದುಕೊಂಡು ಇನ್ನೊಂದು ಕಣ್ಣು ಒರೆಸಿದೆ. ಕೂಸು ಒಮ್ಮೆ ಮುಖ ಕಿವುಚಿ, ಆಕಳಿಸಿ, ಟವೆಲಿನಲ್ಲಿಯೇ ನಿದ್ದೆ ಹೋಯಿತು.